ಸ್ಕ್ಯಾನ್ ನಾರ್ಮಲ್ ಬಂತು, ಯಜಮಾನರು ಬರಲಿಲ್ಲ

ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಹೆಂಡತಿಯರು, ಗಂಡಂದಿರು ಬರೆದ ಪತ್ರಗಳು ನನ್ನ ಮೇಜಿನ ಮೇಲೆ ಒಂದು ಕಟ್ಟು ಆಗಿವೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಒಂದೇ: ‘ಮೊದಲಿನ ಹಾಗೆ ಯಾವಾಗ ಆಗುತ್ತಾರೆ?’ ಎರಡು ಸಲ ಉತ್ತರ ಕೊಟ್ಟಾಗಿದೆ. ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬಾರದು. ಹೆಲ್ಮೆಟ್ ಬಗ್ಗೆ ಏನೂ ಬರೆಯುವುದಿಲ್ಲ. ಅದು ಗೊತ್ತಿಲ್ಲದವರು ಯಾರೂ ಇಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ 39 ವರ್ಷ. ಎಂಟು ತಿಂಗಳ ಹಿಂದೆ ಬೈಕಿನಿಂದ ಬಿದ್ದರು. ಹನ್ನೊಂದು ದಿನ ಐಸಿಯುನಲ್ಲಿದ್ದರು. ಈಗ ಓಡಾಡುತ್ತಾರೆ, ಸ್ಕ್ಯಾನ್ ನಾರ್ಮಲ್ ಇದೆ. ಆದರೆ ಬೆಳಗ್ಗೆಯಿಂದ ಸುಮ್ನೆ ಕೂತಿರುತ್ತಾರೆ. ಸ್ನಾನಕ್ಕೂ ನಾನೇ ಎಬ್ಬಿಸಬೇಕು. ಅಡುಗೆಗೆ ರುಚಿಯೇ ಇಲ್ಲ ಎಂದು ತಟ್ಟೆ ಎಸೆಯುತ್ತಾರೆ. ಏಳು ವರ್ಷದ ಮಗಳು ಹತ್ತಿರ ಹೋಗುವುದಿಲ್ಲ. ಅತ್ತೆ ಪಕ್ಕದ ಬೀದಿಯಲ್ಲಿದ್ದಾರೆ. ‘ನನ್ನ ಮಗ ಚೆನ್ನಾಗೇ ಇದ್ದಾನೆ, ನಿನಗೇ ನೋಡ್ಕೊಳ್ಳೋಕೆ ಬರಲ್ಲ’ ಅನ್ನುತ್ತಾರೆ. ಮೊದಲಿನ ಹಾಗೆ ಯಾವಾಗ ಆಗುತ್ತಾರೆ ಡಾಕ್ಟರೇ?
– ಹಾಸನ ಜಿಲ್ಲೆಯಿಂದ ಒಬ್ಬ ಗೃಹಿಣಿ

ಉತ್ತರ: ಮೊದಲು ಅತ್ತೆಯವರ ಮಾತು ಮುಗಿಸೋಣ. ಅವರು ನೋಡಿದ್ದೂ ನಿಜ, ನೀವು ನೋಡುತ್ತಿರುವುದೂ ನಿಜ. ತಲೆಗೆ ಪೆಟ್ಟಾದವರು ಬಂದವರ ಮುಂದೆ ಅರ್ಧ ಗಂಟೆ ಚೆನ್ನಾಗಿಯೇ ಇರುತ್ತಾರೆ. ಕಾಫಿ ಕುಡಿದು, ‘ಆರಾಮಾಗಿದ್ದೀನಿ’ ಎಂದು ನಗುತ್ತಾರೆ. ಅಷ್ಟಕ್ಕೇ ಮೆದುಳು ದಣಿದಿರುತ್ತದೆ. ನೆಂಟರು ಗೇಟು ದಾಟಿದ ಮೇಲೆ ತಟ್ಟೆ ಹಾರುತ್ತದೆ. ಅದನ್ನು ನೋಡುವವರು ನೀವೊಬ್ಬರೇ. ಅತ್ತೆಯವರು ಬಂದು ಮೂರು ದಿನ, ರಾತ್ರಿಯೂ ಸೇರಿ, ಮಗನ ಜೊತೆ ಇರಲಿ. ನಾನು ಕಂಡಂತೆ ಎರಡನೇ ದಿನ ಸಂಜೆಗೆಲ್ಲ ಮಾತು ಬದಲಾಗುತ್ತದೆ.

ಇನ್ನು ಆ ‘ನಾರ್ಮಲ್’ ಸ್ಕ್ಯಾನ್. ಈ ಒಂದು ಪದ ಎಷ್ಟು ಮನೆ ಕೆಡಿಸಿದೆಯೋ! ಸಿಟಿ ಸ್ಕ್ಯಾನ್ ಮುಖ್ಯವಾಗಿ ರಕ್ತ ಹೆಪ್ಪುಗಟ್ಟಿದೆಯಾ, ಮೂಳೆ ಮುರಿದಿದೆಯಾ, ಬಾವು ಇದೆಯಾ ಎಂದು ಹೇಳುತ್ತದೆ. ಬಿದ್ದ ರಭಸಕ್ಕೆ ಮೆದುಳಿನ ಎಳೆಗಳು ಜಗ್ಗಿ ಹರಿದಿದ್ದರೆ ಅದು ಹೆಚ್ಚಾಗಿ ಅದರಲ್ಲಿ ಕಾಣುವುದೇ ಇಲ್ಲ. ಗೋಡೆಯಲ್ಲಿ ಬಿರುಕಿಲ್ಲ ಅಂದ ಮಾತ್ರಕ್ಕೆ ಒಳಗಿನ ವೈರಿಂಗ್ ಸರಿಯಿದೆ ಅಂತ ಅಲ್ಲ, ಅಲ್ವಾ? ನಾರ್ಮಲ್ ಎಂದರೆ ‘ಆಪರೇಷನ್ ಬೇಡ’ ಎಂದು ಅರ್ಥ ಮಾಡಿಕೊಳ್ಳಿ. ಅದಕ್ಕಿಂತ ಜಾಸ್ತಿ ಅರ್ಥ ಹುಡುಕಬೇಡಿ.

ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಇಂಥ ಏಟು ಬೀಳುವುದು ಸಾಮಾನ್ಯ. ಅದರ ಕೆಳಗೆ ತಲೆಬುರುಡೆ ಒಳಗಡೆ ಒರಟಾಗಿದೆ, ಮೆದುಳು ಹೋಗಿ ಅದಕ್ಕೇ ಉಜ್ಜುತ್ತದೆ. ಕೆಲಸ ಶುರು ಮಾಡಿಸುವುದು, ಸಿಟ್ಟು ತಡೆಯುವುದು, ‘ನನಗೇನೋ ಆಗಿದೆ’ ಎಂದು ತಿಳಿಯುವುದು, ಮೂರೂ ಹೆಚ್ಚಾಗಿ ಆ ಭಾಗದ ಕೆಲಸ. ನಿಮ್ಮ ಯಜಮಾನರು ಸೋಮಾರಿಗಳಲ್ಲ. ಸ್ನಾನ ಮಾಡಬೇಕು ಎಂದು ಅವರಿಗೆ ಗೊತ್ತು. ಎದ್ದು ನಿಲ್ಲುವ ಕೆಲಸ ಒಳಗಿನಿಂದ ಶುರುವಾಗುವುದಿಲ್ಲ. ಹಾಗಾಗಿ ‘ಇನ್ನೂ ಸ್ನಾನ ಆಗ್ಲಿಲ್ವಾ?’ ಎಂದು ಹತ್ತು ಸಲ ಕೇಳಿದರೆ ಜಗಳ ಮಾತ್ರ ಶುರುವಾಗುತ್ತದೆ. ‘ಏಳಿ. ಟವಲ್ ತಗೊಳ್ಳಿ.’ ಇಷ್ಟೇ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ. ದಿನಾ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಇದಕ್ಕೊಂದು ಹಳೇ ಕಥೆ ಇದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಾಸ್ ಗೇಜ್ ಎಂಬ ರೈಲು ಹಳಿ ಕೆಲಸದ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಂತು. ಮನುಷ್ಯ ಬದುಕಿದ. ಆದರೆ ಸಿಡುಕ, ಹರಕುಬಾಯಿಯವ ಆದ. ‘ಇವನು ಗೇಜ್ ಅಲ್ಲ’ ಎಂದರು ಗೆಳೆಯರು. ಪಠ್ಯಪುಸ್ತಕಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಆಮೇಲೆ ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಏಳುವುದು, ಕುದುರೆ ಕಟ್ಟುವುದು, ಅದೇ ದಾರಿ. ಆ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ಒಂದು ಹದಕ್ಕೆ ತಂದಿರಬೇಕು ಎಂದು ಕೆಲವು ಸಂಶೋಧಕರು ನಂಬುತ್ತಾರೆ. ನಾನೂ ನಂಬುತ್ತೇನೆ. ನಿಮ್ಮ ಗೋಡೆಯ ಚೀಟಿ ಅದೇ ಕುದುರೆ ಗಾಡಿ.

ರುಚಿಯ ವಿಷಯ. ಇದನ್ನು ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ತಲೆಗೆ ಪೆಟ್ಟಾದಾಗ ಮೂಗಿನಿಂದ ಮೆದುಳಿಗೆ ಹೋಗುವ ಸಣ್ಣ ನರಗಳು ಹರಿಯಬಹುದು. ವಾಸನೆ ಹೋದರೆ ಸಾರು ಬರೀ ಉಪ್ಪು, ಹುಳಿ, ಬಿಸಿನೀರು. ಇಂಗು ತೆರೆದು ಮೂಗಿನ ಹತ್ತಿರ ಹಿಡಿಯಿರಿ, ಇವತ್ತೇ. ಗೊತ್ತಾಗದಿದ್ದರೆ ನಿಮ್ಮ ಕೈಯಡುಗೆಯಲ್ಲಿ ತಪ್ಪಿಲ್ಲ, ಅವರು ಸುಳ್ಳೂ ಹೇಳುತ್ತಿಲ್ಲ. ಒಂದು ಎಚ್ಚರಿಕೆ: ಗ್ಯಾಸ್ ಸೋರಿದರೂ ಅವರಿಗೆ ತಿಳಿಯುವುದಿಲ್ಲ, ಹಳಸಿದ ಅನ್ನವೂ ತಿಳಿಯುವುದಿಲ್ಲ. ಒಬ್ಬರೇ ಇರುವಾಗ ಸಿಲಿಂಡರ್ ಬಂದ್ ಮಾಡಿ.

ಸಿಟ್ಟಿಗೆ ಮೊದಲು ಮಾತ್ರೆಯ ಚೀಟಿ ನೋಡಿ. ಫಿಟ್ಸ್ ಬರದಿರಲಿ ಎಂದು ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು ಹೆಚ್ಚಿಸುತ್ತದೆ. ಚೀಟಿಯಲ್ಲಿ ಆ ಹೆಸರಿದ್ದರೆ ಡಾಕ್ಟರನ್ನು ಕೇಳಿ, ಬೇರೆ ಮಾತ್ರೆಗಳಿವೆ. ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿ ಫಿಟ್ಸ್ ಬರಿಸಿಕೊಂಡು ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಆಮೇಲೆ ಸದ್ದು. ಟಿವಿ, ಮಿಕ್ಸಿ, ಮಗಳ ಓದು ಮೂರೂ ಒಟ್ಟಿಗೆ ಅವರಿಗೆ ತಡೆಯಲು ಆಗುವುದಿಲ್ಲ. ಸಿಟ್ಟು ಏರಿದಾಗ ವಾದ ಬೇಡ, ಬುದ್ಧಿವಾದವಂತೂ ಬೇಡವೇ ಬೇಡ. ಮಗಳನ್ನು ಕರೆದುಕೊಂಡು ಬೇರೆ ಕೋಣೆಗೆ ಹೋಗಿ, ಇಪ್ಪತ್ತು ನಿಮಿಷ ಬಿಡಿ. ಆದರೆ ಕೈ ಎತ್ತಿದರೆ ಮನೆಯಿಂದ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ‘ಪಾಪ, ಕಾಯಿಲೆ’ ಎಂದು ಹೊಡೆಸಿಕೊಳ್ಳುವುದು ಚಿಕಿತ್ಸೆ ಅಲ್ಲ.

ಮಗಳಿಗೆ ನಿಜ ಹೇಳಿ. ‘ಅಪ್ಪನ ತಲೆಗೆ ಪೆಟ್ಟಾಗಿದೆ, ಸಿಟ್ಟು ತಡೆಯುವ ಜಾಗಕ್ಕೇ ಆಗಿದೆ, ನಿನ್ನಿಂದ ಅಲ್ಲ’ ಅಂದರೆ ಸಾಕು. ಏನೂ ಹೇಳದಿದ್ದರೆ ಆ ವಯಸ್ಸಿನ ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ.

ಡಾಕ್ಟರ ಹತ್ತಿರ ಹೋದಾಗ ‘ಏನೂ ತೊಂದರೆ ಇಲ್ಲ’ ಎಂದು ಯಜಮಾನರೇ ಹೇಳುತ್ತಾರೆ. ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಹದಿನೈದು ದಿನ ನಡೆದದ್ದನ್ನು ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದುಕೊಂಡು ಹೋಗಿ, ಅವರ ಎದುರಿಗೆ ಓದದೆ ಡಾಕ್ಟರ ಕೈಗೆ ಕೊಡಿ. ನೆನಪು, ಗಮನ, ಯೋಚನೆ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ ಎಂದು ಬಾಯಿ ಬಿಟ್ಟು ಕೇಳಿ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ.

ಯಾವಾಗ? ಮೊದಲ ಆರು ತಿಂಗಳು ಸುಧಾರಣೆ ಬೇಗ, ಆಮೇಲೆ ನಿಧಾನ. ಎರಡು ವರ್ಷ, ಅದರಾಚೆಗೂ ಸಣ್ಣ ಸಣ್ಣ ಬದಲಾವಣೆ ಕಾಣುತ್ತೇವೆ. ಆದರೆ ‘ಮೊದಲಿನ ಹಾಗೆ’ ಎಂದು ನಾನು ಮಾತು ಕೊಡುವುದಿಲ್ಲ, ಕೊಡುವವರನ್ನು ನಂಬಬೇಡಿ. ಮನುಷ್ಯ ಎದುರಿಗೇ ಕೂತಿದ್ದಾನೆ, ಆದರೂ ಕಳೆದುಕೊಂಡ ದುಃಖ. ತಿಥಿ ಇಲ್ಲ, ಸೂತಕ ಇಲ್ಲ, ಅಳಲು ಜಾಗವೂ ಇಲ್ಲ. ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸರು ಇಂಥ ನಷ್ಟಕ್ಕೇ ಒಂದು ಹೆಸರು ಕೊಟ್ಟು ದಶಕಗಳಾದವು. ನಿಮಗೆ ಹುಚ್ಚು ಹಿಡಿದಿಲ್ಲ, ನೀವು ಕೆಟ್ಟ ಹೆಂಡತಿಯೂ ಅಲ್ಲ. ರಾತ್ರಿ ನಿದ್ದೆ ಬಾರದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಉಳಿದವು, ಬೇಗ ಬೇಗ.

ಪ್ರಶ್ನೆ: ಮೆದುಳಿಗೆ ಮೆದುಳೇ ಮದ್ದು ಎಂದು ವಾರಕ್ಕೆರಡು ಸಲ ಮೇಕೆ ಮೆದುಳು ತಿನ್ನಿಸುತ್ತಿದ್ದೇವೆ. ಸಾಕಾ?
ಉತ್ತರ: ಮೇಕೆಗೇ ಅದರಿಂದ ಉಪಯೋಗ ಆಗಲಿಲ್ಲ. ಇಷ್ಟವಿದ್ದರೆ ತಿನ್ನಲಿ.

ಪ್ರಶ್ನೆ: ಮೆದುಳಿನ ಟಾನಿಕ್ ಎಂದು ಸಿಟಿಕೋಲಿನ್ ಬರೆದಿದ್ದಾರೆ. ತಿಂಗಳಿಗೆ ತುಂಬಾ ಖರ್ಚು.
ಉತ್ತರ: 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆಗೆ ಪೆಟ್ಟಾದ 1,213 ಜನರ ಮೇಲೆ ನೋಡಿದರು. ಒಳಗೆ ಮದ್ದೇ ಇಲ್ಲದ ಖಾಲಿ ಔಷಧಿಗಿಂತ ಜಾಸ್ತಿ ಏನೂ ಆಗಲಿಲ್ಲ. ಬರೆದವರನ್ನೇ ಕೇಳಿ, ಆ ದುಡ್ಡಿನಲ್ಲಿ ಫಿಸಿಯೋಥೆರಪಿ ಮಾಡಿಸಿ.

ಪ್ರಶ್ನೆ: ನಾಟಿ ವೈದ್ಯರೊಬ್ಬರು ಮೂಗಿಗೆ ಎಣ್ಣೆ ಬಿಟ್ಟು ತಲೆ ‘ತೆರೆಸುತ್ತೇನೆ’ ಎನ್ನುತ್ತಾರೆ.
ಉತ್ತರ: ತಲೆಬುರುಡೆಯ ತಳ ಬಿರುಕು ಬಿಟ್ಟವರಿಗೆ ಮೂಗಿನ ದಾರಿಯಿಂದಲೇ ಮೆದುಳಿಗೆ ಸೋಂಕು ತಗುಲಬಹುದು. ಇಂಥವರ ಮನೆ ಮುಂದೆ ಕ್ಯೂ ನಿಲ್ಲುವ ಓದಿದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೋಗಬೇಡಿ.

ಪ್ರಶ್ನೆ: ಇನ್ನೊಂದು ಪೆಟ್ಟು ಬಿದ್ದರೆ ನೆನಪು ವಾಪಸ್ ಬರುತ್ತದಂತೆ?
ಉತ್ತರ: ಸಿನಿಮಾ ಕಡಿಮೆ ನೋಡಿ.

ಪ್ರಶ್ನೆ: ನನ್ನವರಿಗೆ ಹಾಸಿಗೆಯಲ್ಲಿ ಆಸಕ್ತಿಯೇ ಹೋಗಿದೆ. ಯಾರ ಹತ್ತಿರ ಕೇಳಲಿ?
ಉತ್ತರ: ನಾಚಿಕೆ ಬೇಡ. ಪೆಟ್ಟಿನಿಂದ ಮೆದುಳಿನ ಬುಡದಲ್ಲಿ ಹಾರ್ಮೋನು ನೋಡಿಕೊಳ್ಳುವ ಪಿಟ್ಯುಟರಿ ಗ್ರಂಥಿ ಸೊರಗಿರಬಹುದು. ಹಾರ್ಮೋನಿಗೆ ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಚಿಕಿತ್ಸೆ ಇದೆ. ಇದರ ಉಲ್ಟಾ ಬರೆದವರೂ ಇದ್ದಾರೆ, ಹೊತ್ತಿಲ್ಲ ಗೊತ್ತಿಲ್ಲ ಬಲವಂತ ಎಂದು. ‘ಬೇಡ’ ಅನ್ನುವ ಹಕ್ಕು ನಿಮಗಿದೆ, ಅವರಿಗೆ ಪೆಟ್ಟಾಗಿದ್ದರೂ.

ಪ್ರಶ್ನೆ: ಸರ್ಕಾರಿ ನೌಕರರು. ಅಪಘಾತದ ಮೇಲೆ ಕೆಲಸ ಬಿಡಿ ಎಂದು ಕಚೇರಿಯವರು ಒತ್ತಾಯ ಮಾಡುತ್ತಿದ್ದಾರೆ.
ಉತ್ತರ: ಸಹಿ ಹಾಕಬೇಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20(4) ಹೇಳುತ್ತದೆ. ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಮೊದಲು ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿ, ಆಮೇಲೆ ವಕೀಲರನ್ನು ನೋಡಿ.

ಪ್ರಶ್ನೆ: ಅಣ್ಣನಿಗೆ ತಲೆಗೆ ಪೆಟ್ಟಾಗಿ ವರ್ಷವಾಯಿತು. ಅತ್ತಿಗೆ ನಾಲ್ಕು ದಿನ ತವರಿಗೆ ಹೋಗಿಬರುತ್ತೇನೆ ಎನ್ನುತ್ತಿದ್ದಾರೆ. ಇಂಥ ಹೊತ್ತಲ್ಲಿ ಹೋಗುವುದು ಸರಿಯಾ?
ಉತ್ತರ: ಸರಿ. ಆ ನಾಲ್ಕು ದಿನ ನೀವು ರಜೆ ಹಾಕಿ.