ಮೊಣಕಾಲ ಕೆಳಗಿನ ನೋವು, ಓಟ ಬಿಟ್ಟ ಮೇಲೆ ಏರುವ ತೂಕ

ಕಾಲು ನೋವಿನಿಂದ ಓಟ ಬಿಟ್ಟಿದ್ದೀರಾ, ಆಮೇಲೆ ತೂಕವೂ ಏರಿದೆಯಾ? ಮೊಣಕಾಲ ಕೆಳಗೆ ಮೂಳೆಯ ಒಳಬದಿಯ ಉದ್ದಕ್ಕೂ ನೋವು ಅಂದರೆ ಬಹುಶಃ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡದಿಂದ ಆ ಮೂಳೆಯ ಉದ್ದಕ್ಕೂ ಬರುವ ನೋವು. ತೂಕ ಏರಿರುವುದು ಓಡುತ್ತಿದ್ದಾಗಿನ ಊಟವೇ ಮುಂದುವರಿದಿದ್ದರಿಂದ ಇರಬೇಕು.

ಮೊದಲು ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಂದೇ ಚುಕ್ಕೆಯಷ್ಟು ಜಾಗದಲ್ಲಿ ಜೀವ ಹೋದ ಹಾಗಾದರೆ, ಅಥವಾ ಮಲಗಿದಾಗಲೂ ನೋವಿದ್ದರೆ ಸ್ಟ್ರೆಸ್ ಫ್ರಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು. ಆರ್ಥೋ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಅದು ಎಕ್ಸ್-ರೇಯಲ್ಲಿ ಕಾಣದೇ ಇರಬಹುದು, ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ನೆ ಓಡಬೇಡಿ.

ಹಾಗೇನಿಲ್ಲದಿದ್ದರೆ ಓಟದ ಬದಲು ಈಜು, ಇಲ್ಲವೇ ಹಗುರ ಗೇರ್‌ನಲ್ಲಿ 30 ನಿಮಿಷ ಸೈಕಲ್. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಅನ್ನ, ಮುದ್ದೆ ಸ್ವಲ್ಪ ತಗ್ಗಿಸಿ. ಕಾಳು, ಮೊಟ್ಟೆ, ಮೊಸರು ಬಿಡಬೇಡಿ. ಉಪವಾಸ ಬೇಡ, ಮೂಳೆ ವಾಸಿಯಾಗಲು ಊಟ ಬೇಕಲ್ವಾ. ಜೋರು ನಡಿಗೆ ನೋವಿಲ್ಲದೆ ಆದ ಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ದಿನ ಬಿಟ್ಟು ದಿನ.