‘ಎವ್ರಿಮನ್’ ನಾಟಕದಲ್ಲಿ ಪಾಪನಿವೇದನೆ ಆದ ಮೇಲೂ ಚಾಟಿಯೇಟು ಏಕೆ?

‘ಎವ್ರಿಮನ್’ ಮಧ್ಯಯುಗದ ಕೊನೆಯ ಇಂಗ್ಲಿಷ್ ನೀತಿನಾಟಕ. ಸಾವಿನ ಕರೆ ಬಂದ ಸಾಮಾನ್ಯ ಮನುಷ್ಯ ಎವ್ರಿಮನ್ ಅದರ ನಾಯಕ; ಮೃತ್ಯು, ಸತ್ಕರ್ಮ, ಅರಿವು, ಪಾಪನಿವೇದನೆ (ಗುರುಗಳೆದುರು ಪಾಪ ಒಪ್ಪಿಕೊಳ್ಳುವುದು) ಎಲ್ಲವೂ ಅಲ್ಲಿ ಪಾತ್ರಗಳು. ಪಾಪನಿವೇದನೆಯ ಬಳಿ ಹೋಗಿ ಕ್ಷಮೆ ಬೇಡಿದ ಎವ್ರಿಮನ್ ಆಮೇಲೂ ತನ್ನ ಮೈಗೆ ತಾನೇ ಚಾಟಿಯಿಂದ ಹೊಡೆದುಕೊಳ್ಳುವುದೇಕೆ, ಕ್ಷಮೆ ಸಾಲದೇ ಎಂದು ಕೇಳಿದ್ದೀರಿ.

ಮಧ್ಯಯುಗದ ಕಥೋಲಿಕ ಬೋಧನೆಯ ಪ್ರಕಾರ ಘೋರ ಪಾಪಕ್ಕೆ ಎರಡು ಹೊರೆಗಳಿವೆ. ದೋಷ ಮತ್ತು ಅದರ ಬೆನ್ನಿಗಿರುವ ನಿತ್ಯನರಕ ಮೊದಲನೆಯದು. ಗುರುಗಳು (ಪಾದ್ರಿ) ಪಾಪವಿಮೋಚನೆ, ಅಂದರೆ ಕ್ಷಮೆಯ ಘೋಷಣೆ, ಕೊಟ್ಟಾಗ ಅದು ಇಳಿಯುತ್ತದೆ. ಎರಡನೆಯದು ಕಾಲಮಿತಿಯ ಶಿಕ್ಷೆ. ಅದು ಬಾಕಿ ಉಳಿಯುತ್ತದೆ. ಬದುಕಿರುವಾಗಲೇ ಪ್ರಾಯಶ್ಚಿತ್ತದಿಂದ ತೀರಿಸಬೇಕು, ಇಲ್ಲವಾದರೆ ಸತ್ತ ಮೇಲೆ ಶುದ್ಧೀಕರಣ ಸ್ಥಳದ ಬೆಂಕಿಯಲ್ಲಿ. ಆ ಬೆಂಕಿಯಿಂದ ಪಾರಾಗಲೆಂದೇ ಹೊಡೆದುಕೊಳ್ಳುತ್ತಿದ್ದೇನೆ ಎಂದು ಎವ್ರಿಮನ್ ಬಾಯಿಬಿಟ್ಟು ಹೇಳುತ್ತಾನೆ. ಚಾಟಿ ಕೇಳುವಾಗ ತನ್ನ ಮೈ ‘ಅಕ್ವಿಟೆನ್ಸ್’ ಕೊಡಲಿದೆ ಎನ್ನುತ್ತಾನೆ. ಸಾಲ ಚುಕ್ತಾ ಆಯಿತು ಎಂಬ ರಸೀದಿಗೆ ಅದೇ ಹೆಸರು. ಮೃತ್ಯು ಲೆಕ್ಕದ ಪುಸ್ತಕ ತಾ ಎಂದು ಕರೆಯುವಲ್ಲಿಂದ ಶುರುವಾದ ನಾಟಕಕ್ಕೆ ಇದಕ್ಕಿಂತ ಒಪ್ಪುವ ಮಾತಿಲ್ಲ.

ಸತ್ಕರ್ಮದ ಪಾತ್ರದಲ್ಲಿ ಬಹಳ ಜನ ಎಡವುತ್ತಾರೆ. ಕೊನೆಗೆ ಗೋರಿಯೊಳಕ್ಕೆ ಜತೆಯಾಗಿ ಇಳಿಯುವವಳು ಅವಳೊಬ್ಬಳೇ ಆದ್ದರಿಂದ, ಒಳ್ಳೆಯ ಕೆಲಸ ಮಾಡಿದರೆ ಸಾಕು ಎಂಬುದೇ ನಾಟಕದ ತಿರುಳು ಎಂದು ಬರೆದುಬಿಡುತ್ತಾರೆ. ಆದರೆ ಮೊದಲ ಸಲ ಕಂಡಾಗ ಅವಳು ಅವನ ಪಾಪಗಳ ಕಟ್ಟಿನಲ್ಲಿ ಸಿಕ್ಕಿ ನೆಲದ ಮೇಲೆ ತಣ್ಣಗೆ ಬಿದ್ದಿರುತ್ತಾಳೆ, ಏಳಲಾರಳು. ಘೋರ ಪಾಪದಲ್ಲಿರುವವನ ಒಳ್ಳೆಯ ಕೆಲಸಕ್ಕೆ ಮೋಕ್ಷ ಗಳಿಸುವ ಬಲವಿಲ್ಲ ಎಂಬ ಬೋಧನೆಯನ್ನು ಇಲ್ಲಿ ಕಣ್ಣಿಗೇ ಕಾಣಿಸಿದ್ದಾರೆ. ದಾರಿ ತೋರಲು ಅವಳ ಸೋದರಿ ಅರಿವು ಬರಬೇಕು. ಈ ಅರಿವನ್ನು ಪುಸ್ತಕದ ಪಾಂಡಿತ್ಯ ಎಂದುಕೊಳ್ಳಬೇಡಿ. ತನ್ನ ಪಾಪವನ್ನು ತಾನು ಗುರುತಿಸಿ ಒಪ್ಪಿಕೊಳ್ಳುವುದು ಎಂದು ಓದಿದರೆ ದೃಶ್ಯ ತೆರೆದುಕೊಳ್ಳುತ್ತದೆ. ಚಾಟಿಯೇಟು ಬಿದ್ದ ಮೇಲಷ್ಟೇ ಸತ್ಕರ್ಮ ಎದ್ದು ನಡೆಯುತ್ತಾಳೆ.

ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ ಎಂಬುದು ಪಠ್ಯಪುಸ್ತಕದ ಕ್ರಮ. ನಾಟಕದಲ್ಲಿ ಕಣ್ಣೀರಲ್ಲಿ ತೊಯ್ದ ಪಶ್ಚಾತ್ತಾಪದ ಉಡುಪು ಏಟುಗಳ ನಂತರ ಬರುತ್ತದೆ. ಇದನ್ನು ನಾಟಕಕಾರನ ತಪ್ಪು ಎನ್ನಲಾರೆ: ಮೊಣಕಾಲೂರಿ ಕ್ಷಮೆ ಬೇಡುವಾಗಲೇ ದುಃಖ ಶುರುವಾಗಿದೆ, ಸಾಯುವವರೆಗೆ ಅದನ್ನು ಕಳಚಬಾರದು ಎಂಬುದಕ್ಕೆ ಉಡುಪು.

ಕಥೋಲಿಕ ಧರ್ಮಸಭೆಯ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ತಮ್ಮ ಗುರುಗಳ ಮುಂದೆ ಪಾಪನಿವೇದನೆ ಮಾಡಿ, ವಿಧಿಸಿದ ಪ್ರಾಯಶ್ಚಿತ್ತ ಸಲ್ಲಿಸಬೇಕೆಂದು ಕಡ್ಡಾಯ ಮಾಡಿತ್ತು. ಹಾಗಾಗಿ ನಾಟಕವನ್ನು ಆಗ ನೋಡುತ್ತಿದ್ದವರಿಗೆ ಇದೆಲ್ಲ ಮನೆಮಾತು. ಅದಕ್ಕೇ ಇರಬೇಕು, ಎವ್ರಿಮನ್ ತನ್ನ ಪಾಪಗಳನ್ನು ಒಂದೊಂದಾಗಿ ಎಣಿಸುವುದೂ ಇಲ್ಲ, ಪಾಪವಿಮೋಚನೆಯ ವಾಕ್ಯ ನಮ್ಮ ಕಿವಿಗೆ ಬೀಳುವುದೂ ಇಲ್ಲ. ಅದನ್ನು ಕೇಳಬೇಕಾದರೆ 15ನೇ ಶತಮಾನದ ಆರಂಭದ ಇಂಥದ್ದೇ ಇನ್ನೊಂದು ಇಂಗ್ಲಿಷ್ ನೀತಿನಾಟಕ ‘ದಿ ಕ್ಯಾಸಲ್ ಆಫ್ ಪರ್ಸಿವಿಯರೆನ್ಸ್’ ಓದಿ. ಅಲ್ಲಿ ಪಶ್ಚಾತ್ತಾಪ ನಾಯಕನ ಎದೆಗೆ ಈಟಿಯಿಂದ ಚುಚ್ಚುತ್ತದೆ, ಪಾಪನಿವೇದನೆಯೇ ವಿಮೋಚನೆಯ ಮಾತನ್ನು ಆಡುತ್ತದೆ. ಅಷ್ಟಾಗಿಯೂ ಮುಪ್ಪಿನಲ್ಲಿ ಆ ಮನುಷ್ಯ ದುರಾಸೆಯ ಮಾತು ಕೇಳಿ ತಾನು ಆಶ್ರಯ ಪಡೆದಿದ್ದ ಕೋಟೆ ಬಿಟ್ಟು ಇಳಿದುಹೋಗುತ್ತಾನೆ.