ನಾಯಿ ಕರ್ಕೊಂಡು ಅಮೆರಿಕದ ಯೂಟಾ ಕ್ಯಾನ್ಯನ್‌ಗಳ (ಆಳ ಕಣಿವೆಗಳ) ಕಡೆ ಕ್ಯಾಂಪಿಂಗ್ ಹೋದರೆ ಯಾವ ಪಾರ್ಕ್ ಬಿಡಬಾರದು?

ಐದು ನ್ಯಾಷನಲ್ ಪಾರ್ಕ್, ಒಂದು ವಾರ, ಜೂನ್ ಕೊನೆ, ಟೆಂಟು, ಜೊತೆಗೆ ನಾಯಿ. ತಿಂಗಳೊಂದು ಬಿಟ್ಟರೆ ನನ್ನ ಪಟ್ಟಿಯೂ ಥೇಟ್ ಇದೇ ಇತ್ತು. ಯಾವುದು ಬಿಡಬಾರದು ಅಂತ ಕೇಳಿದ್ದೀರಿ. ನಾಯಿ ಬರೋದು ಖಂಡಿತ ಅಂತಾದರೆ ಹೆಚ್ಚುಕಮ್ಮಿ ಎಲ್ಲವನ್ನೂ ಬಿಡಿ ಅಂತೀನಿ.

ನಾವು ಮೊದಲು ಹೋಗಿದ್ದು ಆರ್ಚಸ್‌ಗೆ. ಅಲ್ಲಿ ನಾಯಿಗೆ ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್ ಅಷ್ಟೇ. ಲೀಶ್ (ಕುತ್ತಿಗೆ ಹಗ್ಗ) ಹಾಕಿದ್ದರೂ ಟ್ರೇಲ್‌ಗೆ, ಅಂದ್ರೆ ಕಾಲುದಾರಿಗೆ, ಬಿಡಲ್ಲ. ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನಿಗೆ ಹೋಗಿಬರೋಕೆ ಸುಮಾರು 5 ಕಿಲೋಮೀಟರ್, ಹೆಂಡತಿ ಹತ್ತಿ ಇಳಿದು ಬರೋವರೆಗೆ ನಾನು ನಮ್ಮ ನಾಯಿ ಗುಂಡನನ್ನು ಹಿಡಿದುಕೊಂಡು ಪಾರ್ಕಿಂಗ್‌ನಲ್ಲಿ ಕಾರುಗಳನ್ನ ಎಣಿಸಿದೆ. ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲೂ ಇದೇ ಕಥೆ. ಕಾರಲ್ಲಿ ಬಿಟ್ಟು ಹೋಗೋ ಯೋಚನೆ ಬೇಡವೇ ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತೆ.

ಎರಡು ದಿನ ಹೀಗೆ ಕಟ್ಟಿಹಾಕಿದ್ದಕ್ಕೆ ಪಾಪ ಅನಿಸಿ, ಮೂರನೇ ದಿನ ಡೆಡ್ ಹಾರ್ಸ್ ಪಾಯಿಂಟ್‌ಗೆ ಕರ್ಕೊಂಡು ಹೋದೆವು. ಅದು ಸ್ಟೇಟ್ ಪಾರ್ಕ್. ಸೈಕಲ್ ದಾರಿ ಬಿಟ್ಟು ನಡೆಯೋ ಟ್ರೇಲ್‌ಗಳಿಗೆ ನಾಯಿ ಬರಬಹುದು. ಕೆಳಗೆ 600 ಮೀಟರ್ ಆಳದಲ್ಲಿ ಕೊಲೊರಾಡೊ ನದಿ ತಿರುವು ಹೊಡೀತಿರುತ್ತೆ. ಏನು ನೋಟ ಅಂತೀರಿ!

ತಪ್ಪಾಗಿದ್ದು ಅಲ್ಲೇ. ಮೇ ತಿಂಗಳು, 24 ಡಿಗ್ರಿ, ತಂಪು ಗಾಳಿ. ಕೈ ಹಿಂಭಾಗ ಬಂಡೆಗೆ ಒತ್ತಿ ಏಳು ಸೆಕೆಂಡ್ ಎಣಿಸಿದೆ, ಸುಡಲಿಲ್ಲ. ಸರಿ, ನಡಿ ಅಂದೆ. ಬಿಸಿ ಒಂದೇ ಅಪಾಯ ಅಂತ ತಲೇಲಿತ್ತು. ಅಲ್ಲಿಯ ಕಲ್ಲು ಮರಳುಗಲ್ಲು, ಹೊಸದಾಗಿ ಉಳಿ ಹೊಡೆಸಿದ ಒರಳುಕಲ್ಲಿನ ಹಾಗೆ ತರಿತರಿ. ಬೂಟಿನ ಹಿಡಿತಕ್ಕೆ ನಮಗೆ ಖುಷಿ, ಆದರೆ ಹುಲ್ಲು ಮತ್ತು ಕಾರ್ಪೆಟ್ ಮೇಲೆ ಬೆಳೆದ 30 ಕೆಜಿಯ ಲ್ಯಾಬ್ರಡಾರ್ ಲೀಶ್ ಎಳೆದುಕೊಂಡು ಮೂರು ಗಂಟೆ ಓಡಾಡಿದರೆ ಅಂಗಾಲು ತೇದು ಹೋಗುತ್ತೆ. ತೇದುಹೋಗ್ತಿರೋದನ್ನ ನಾಯಿ ಹೇಳಲ್ಲ. ಬಾಲ ಆಡಿಸ್ತಾನೇ ಇತ್ತು. ಸಂಜೆ ಟೆಂಟ್ ಹತ್ತಿರ ಕಾಲು ನೆಕ್ಕೋಕೆ ಶುರು ಮಾಡಿದಾಗ ಮಣ್ಣು ಹತ್ತಿರಬೇಕು ಅಂದ್ಕೊಂಡೆ. ಬೆಳಿಗ್ಗೆ ಎದ್ದು ನಿಲ್ಲೋಕೇ ಆಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ನಾಲ್ಕರಲ್ಲಿ ಮೂರು ಕಾಲಿನ ಮೆತ್ತೆ ಸಿಪ್ಪೆ ಥರ ಎದ್ದಿತ್ತು.

ಹೊಟ್ಟೆ ಉರಿಯೋ ವಿಷಯ ಏನಂದ್ರೆ, ನಾಯಿ ಬೂಟು ನನ್ನ ಬ್ಯಾಗಲ್ಲೇ ಇತ್ತು. ಮನೇಲಿ ಒಂದು ಸಲ ಹಾಕಿದಾಗ ಕೊಕ್ಕರೆ ಥರ ಕಾಲೆತ್ತಿ ನಡೆದಿತ್ತು, ಎಲ್ಲರೂ ನಕ್ಕು ಬಿಚ್ಚಿಟ್ಟೆವು. ಅದನ್ನ ಒಂದು ತಿಂಗಳು ಮುಂಚೆಯಿಂದ ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಬೇಕಿತ್ತು. ಉಳಿದ ನಾಲ್ಕು ದಿನ ಬ್ಯಾಂಡೇಜ್ ಕಟ್ಟಿ, ಉಚ್ಚೆಗೂ ಎತ್ತಿಕೊಂಡೇ ಹೋದೆ. ಬೆನ್ನು ಇನ್ನೂ ನೆನಪಿಸುತ್ತೆ.

ನಿಮ್ಮ ಐದರಲ್ಲಿ ಬ್ರೈಸ್ ಒಂದು ಇಟ್ಟುಕೊಳ್ಳಿ, ಸನ್‌ರೈಸ್ ಮತ್ತು ಸನ್‌ಸೆಟ್ ಪಾಯಿಂಟ್ ನಡುವಿನ ಡಾಂಬರು ದಾರೀಲಿ ನಾಯಿ ನಡೀಬಹುದು. ಜಯಾನ್‌ನಲ್ಲಿ ಪಾರುಸ್ ಟ್ರೇಲ್ ಒಂದೇ, ಶಟಲ್ ಬಸ್ಸಿಗೂ ಹತ್ತಿಸಲ್ಲ. ಪಕ್ಕದ ವರ್ಜಿನ್ ನದಿ ನೀರು ಮಾತ್ರ ಕುಡಿಸಬೇಡಿ, 2020ರಲ್ಲಿ ಅಲ್ಲಿಯ ಸಯನೋಬ್ಯಾಕ್ಟೀರಿಯಾ (ನೀರಲ್ಲಿ ಪಾಚಿ ಥರ ಬೆಳೆಯೋ ಬ್ಯಾಕ್ಟೀರಿಯಾ) ವಿಷಕ್ಕೆ ಒಂದು ನಾಯಿಮರಿ ಸತ್ತಿತ್ತು. ನಿಜಕ್ಕೂ ನಾಯಿಗೆ ಅಂತ ಹೋಗೋದಾದರೆ ಮೋಆಬ್ ಹತ್ತಿರದ ಗ್ರ್ಯಾಂಡ್‌ಸ್ಟಾಫ್ ಕ್ಯಾನ್ಯನ್. ನೆರಳಿದೆ, ಉದ್ದಕ್ಕೂ ತೊರೆ ಇದೆ, ಬದಿಯ ಪಾಯ್ಸನ್ ಐವಿ ಅನ್ನೋ ತುರಿಕೆ ಗಿಡ ಮಾತ್ರ ಮುಟ್ಟಬಾರದು. ನಾವು ನೋಡಿದ್ದು ಮರುವರ್ಷ, ಗುಂಡನ ಕಾಲಿಗೆ ಬೂಟು ಹಾಕಿಸಿಕೊಂಡು.

ಜೂನ್ ಟಿಕೆಟ್ ಇನ್ನೂ ತಗೊಂಡಿಲ್ಲ ತಾನೇ? ಬಿಸಿಲು ಇಳಿದ ಮೇಲೆ, ಅಕ್ಟೋಬರ್‌ಗೆ ಹಾಕಿ.